ಕದಂಬ ಬಸ್ಸಿನ ದಾರಿ

ಮುಂಬಯಿಯಿಂದ ಕುಮಟೆಯ ಕಡೆಗೆ ಹೋಗುವ ರಾತ್ರಿ ಬಸ್ಸು ಬೆಳಗಿನ ಹೊತ್ತಿಗೆ ಪಣಜಿಯನ್ನು ಮುಟ್ಟುತ್ತಿತ್ತು. 1974ರಲ್ಲಿ ಓದು, ಉದ್ಯೋಗ ಎರಡನ್ನೂ ಅರಸಿ ಮುಂಬಯಿಗೆ ಬಂದ ನಾನು, 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವವರೆಗೂ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಈ ದಾರಿಯಲ್ಲಿಯೇ ಊರಿಗೆ ಹೋಗಿಬಂದಿದ್ದೇನೆ. ಅಷ್ಟು ವರ್ಷ ಗೋವೆಯೆಂದರೆ ನನ್ನ ಪಾಲಿಗೆ ಅರೆನಿದ್ದೆಯಲ್ಲಿ ಕಿಟಕಿಯಾಚೆ ಸರಿದುಹೋಗುವ ನಾಡು: ಮಾಂಡವಿ, ಜುವಾರಿ ಎಂಬ ಎರಡು ಅಗಲವಾದ ಹೊಳೆಗಳು, ಸುಣ್ಣ ಬಳಿದ ಇಗರ್ಜಿಗಳು, ಕೊನೆಗೆ ಮಾಜಾಳಿಯ ನಾಕೆಯಲ್ಲಿ ಸೀಟಿನ ಕೆಳಗೆ ಬಾಟಲಿ ಹುಡುಕುವ ಅಬಕಾರಿ ಪೇದೆ. ಅವನು ಬಸ್ಸಿನಿಂದ ಇಳಿದನೆಂದರೆ ಗೋವೆಯೂ ಮುಗಿಯುತ್ತಿತ್ತು.

ಒಂದು ಸಂಗತಿ ಮಾತ್ರ ಆ ನಿದ್ದೆಗಣ್ಣಿಗೂ ಬೀಳುತ್ತಿತ್ತು. ಪಣಜಿಯ ನಿಲ್ದಾಣದಲ್ಲಿ ಸಾಲಾಗಿ ನಿಂತಿರುವ ಬಸ್ಸುಗಳ ಮೇಲೆ 'ಕದಂಬ' ಎಂಬ ಹೆಸರಿರುತ್ತಿತ್ತು. 1980ರಲ್ಲಿ ಗೋವೆಯವರು ತಮ್ಮ ಸಾರಿಗೆ ಸಂಸ್ಥೆಯನ್ನು ಕಟ್ಟಿಕೊಂಡಾಗ ಅದಕ್ಕೆ ಇಟ್ಟ ಹೆಸರು ಅದು. ಬನವಾಸಿ, ಹಲಸಿ, ಗೋವೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಕದಂಬರ ಶಾಖೆಗಳನ್ನು ಪಾಠ ಮಾಡುತ್ತಿದ್ದ ನನಗೆ ಅದನ್ನು ಕಂಡಾಗಲೆಲ್ಲ ಹೆಮ್ಮೆಯೆನಿಸುತ್ತಿತ್ತು. ಜಾರ್ಜ್ ಮೊರಾಯಿಸ್ ಅವರ 'ಕದಂಬ ಕುಲ' 1931ರಲ್ಲಿ ಪ್ರಕಟವಾದದ್ದು ನಮ್ಮ ಮುಂಬಯಿಯಿಂದಲೇ ಎಂಬುದನ್ನು ವಿದ್ಯಾರ್ಥಿಗಳಿಗೆ ಮರೆಯದೆ ಹೇಳುತ್ತಿದ್ದೆ. ಆದರೆ ಆ ಬಸ್ಸನ್ನು ಹತ್ತಿ ಒಂದು ಊರನ್ನಾದರೂ ನೋಡೋಣವೆಂದು ಅನ್ನಿಸಿರಲಿಲ್ಲ. ಈ ಸಂಪುಟದ ಸಂಪಾದಕರು ನನ್ನಿಂದ ನಿರೀಕ್ಷಿಸಿದ್ದು ಗೋವೆಯ ಕನ್ನಡ ಶಾಸನಗಳ ಕುರಿತ ಲೇಖನವನ್ನು. ಬರೆಯಲು ಕುಳಿತಾಗ ಶಾಸನಗಳಿಗಿಂತ ಮೊದಲು ಬೇರೊಂದು ಪ್ರಸಂಗ ಅಡ್ಡ ಬಂದು ನಿಂತಿತು. ಅದನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ.

1996ರ ಮೇ ತಿಂಗಳು. ಪರೀಕ್ಷೆಯ ಉತ್ತರಪತ್ರಿಕೆಗಳ ಹೊರೆ ಇಳಿದ ಮೇಲೆ, ಬೇರೆ ಬೇರೆ ವಿಭಾಗಗಳ ಐದಾರು ಮಂದಿ ಅಧ್ಯಾಪಕರು ಸಂಸಾರಸಹಿತ ಗೋವೆಗೆ ಹೊರಟೆವು. ಉಳಿದದ್ದು ಕಲಂಗುಟ್‌ನಲ್ಲಿ. ಮರಳಿನ ಮೇಲೆ ಕುಳಿತವರ ಸುತ್ತ ಬಟ್ಟೆ, ಮಣಿಸರ, ಕನ್ನಡಿ ಹೊಲಿದ ಚೀಲಗಳನ್ನು ಹೊತ್ತ ಲಂಬಾಣಿ ಹೆಂಗಸರು ಮತ್ತೆ ಮತ್ತೆ ಬರುತ್ತಿದ್ದರು. ಸಹೋದ್ಯೋಗಿಗಳಿಗೆ ಇದು ಕಿರಿಕಿರಿ. ಒಬ್ಬರಂತೂ ಈ 'ಘಾಟಿ'ಗಳಿಂದಾಗಿ ಗೋವೆ ಕೆಟ್ಟಿತು ಎಂದು ಆಗತಾನೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದರು. ಅಷ್ಟರಲ್ಲಿ ನಾನು ಹೆಂಡತಿಗೆ ಕನ್ನಡದಲ್ಲಿ ಏನೋ ಹೇಳಿದೆ. ಹತ್ತಿರದಲ್ಲಿಯೇ ಇದ್ದ ನಡುವಯಸ್ಸಿನ ಹೆಂಗಸೊಬ್ಬಳು ಗಂಟು ಇಳಿಸಿ, ಮುಖವನ್ನೆಲ್ಲ ಅರಳಿಸಿಕೊಂಡು ಕೇಳಿದಳು: "ಸರ್ರ, ನೀವು ಕನ್ನಡದಾವ್ರೇನ್ರಿ? ಯಾವೂರ್ರಿ ನಿಮ್ದು?"

ನಾನು ಹಿಂದಿಯಲ್ಲಿ "ನಹೀಂ ಚಾಹಿಯೇ" ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಗಂಟನ್ನು ತಲೆಗೇರಿಸುತ್ತ ಜೊತೆಯವಳಿಗೆ, "ಅಲ್ಲ ಬಿಡವಾ, ಬ್ಯಾರೇ ಮಂದಿ" ಎಂದು ಹೇಳಿ ಮುಂದೆ ನಡೆದಳು. ನನ್ನ ಹೆಂಡತಿ ಆ ಸಂಜೆ ನನ್ನೊಡನೆ ಮಾತನಾಡಲಿಲ್ಲ. ಆ ವರ್ಷ ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದದ್ದು ವಚನ ಸಾಹಿತ್ಯವನ್ನು.

2015ರಲ್ಲಿ ನಿವೃತ್ತನಾದ ಬಳಿಕ, ಗೋವೆಯನ್ನು ತುಂಡುತುಂಡಾಗಿಯಾದರೂ ಸಾವಧಾನವಾಗಿ ನೋಡಬೇಕೆಂದು ನಿಶ್ಚಯಿಸಿದೆ. ನಿಯಮ ಒಂದೇ: ಬಾಡಿಗೆ ಕಾರು ಕೂಡದು, ಕದಂಬ ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಉಳಿದದ್ದು ಕಾಲ್ನಡಿಗೆಯಲ್ಲಿ. ಮೊಣಕಾಲಿನ ಮಾತು ಕೇಳಿ ಈ ನಿಯಮವನ್ನು ಹಲವು ಸಲ ಮುರಿದದ್ದೂ ಉಂಟು. ಗೋವೆಯ ವಿಸ್ತಾರ 3702 ಚದರ ಕಿಲೋಮೀಟರು ಮಾತ್ರ. ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದೇ ಅದರ ಎರಡೂವರೆ ಪಾಲಿಗಿಂತ ದೊಡ್ಡದು. ಅಷ್ಟರಲ್ಲಿಯೇ ಅರ್ಧಕ್ಕೂ ಮಿಕ್ಕಿದ ನೆಲ ಹಸಿರು ಹೊದ್ದಿದೆ ಎಂಬುದನ್ನು ಕಡಲತೀರದಲ್ಲಷ್ಟೇ ರಜೆ ಕಳೆದು ಮರಳುವವರು ನಂಬಲಾರರು. ಪ್ರವಾಸದ ಕೈಪಿಡಿಗಳು ಈ ನಾಡನ್ನು ಉತ್ತರದ ಕಡಲು, ದಕ್ಷಿಣದ ಕಡಲು, ಹಳೆಯ ಗೋವೆ, ಫೋಂಡೆಯ ದೇವಾಲಯಗಳು, ಒಳನಾಡಿನ ಕಾಡು ಎಂದು ಹೋಳು ಮಾಡಿ ಬಡಿಸುತ್ತವೆ. ಊಟದ ಎಲೆಯಲ್ಲಿ ಪಲ್ಯ, ಕೋಸಂಬರಿಗಳನ್ನು ಬೇರೆಬೇರೆಯಾಗಿ ಬಡಿಸಿದರೂ ಕೊನೆಗೆ ಎಲ್ಲವೂ ಒಂದೇ ಎಲೆಯಲ್ಲಿವೆ ಎಂಬುದು ಉಣ್ಣುವವನಿಗೆ ತಿಳಿದಿರಬೇಕು.

ಉತ್ತರದ ಕಡಲನ್ನು ಕುರಿತು ನನಗೆ ಹೇಳಲು ಹೆಚ್ಚೇನೂ ಇಲ್ಲ. ಹಿಪ್ಪಿಗಳು ಬಂದು ತಂಗಿದ ಅಂಜುಣೆ, ಜನಜಾತ್ರೆಯ ಬಾಗಾ, ಇವುಗಳ ಬಗೆಗೆ ಬರೆದವರು ಬಹಳ ಮಂದಿ ಇದ್ದಾರೆ. ಪೆಡ್ನೆ ತಾಲೂಕಿನ ಮೊರ್ಜಿಯಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಾಗಕ್ಕೆ ಬೇಲಿ ಕಟ್ಟಿ ಕಾವಲು ಕಾಯುವುದನ್ನು ಕಂಡು ಸಂತೋಷಪಟ್ಟೆ. ಅದರ ಪಕ್ಕದಲ್ಲಿಯೇ ಕಿವಿ ಕಿವುಡಾಗುವಂತೆ ಸಂಗೀತ ಮೊಳಗುವುದನ್ನು ಕೇಳಿ ಆಮೆಗಳ ತಾಳ್ಮೆಗೆ ಬೆರಗಾದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಂಡವಿಯ ನಡುಗಡ್ಡೆಗಳು. ರಾಯಬಂದರಿನಿಂದ ದೋಣಿ ಹತ್ತಿದರೆ ಚೋಡಣ, ಹಳೆಯ ಗೋವೆಯಿಂದ ಹತ್ತಿದರೆ ದಿವಾಡಿ. ಚೋಡಣದ ಒಂದು ಅಂಚಿನ ಕಾಂಡ್ಲಾಕಾಡು ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರಿನ ಪಕ್ಷಿಧಾಮ. ಬಂದವರು ದೂರದರ್ಶಕ ಹಿಡಿದು ಅತ್ತ ಹೋಗುತ್ತಾರೆ. ನಾನು ಹೊಳೆಯ ಒಡ್ಡಿನ ಮೇಲೆಯೇ ನಿಂತುಬಿಟ್ಟೆ. ಒಡ್ಡಿನ ಆಚೆ ಉಪ್ಪುನೀರು, ಈಚೆ ಭತ್ತದ ಗದ್ದೆ. ನಡುವೆ ಮರದ ಬಾಗಿಲಿರುವ ತೂಬು. ಉಬ್ಬರದ ನೀರು ಬಂದು ಒತ್ತಿದಾಗ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಗದ್ದೆಯ ನೀರು ಒತ್ತಿ ತಾನೇ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪು ತಾಳುವ ಭತ್ತ, ಅನಂತರ ಮೀನು, ಸಿಗಡಿ. ಇಂಥ ನೆಲವನ್ನು ಗೋವೆಯಲ್ಲಿ 'ಖಾಜನ್' ಎನ್ನುತ್ತಾರೆ. ಅಘನಾಶಿನಿಯ ದಡದಲ್ಲಿ ಹುಟ್ಟಿ ಬೆಳೆದ ನಾನು ಇದನ್ನೇ 'ಗಜನಿ' ಎಂದು ಕರೆಯುತ್ತಿದ್ದೆ. ಅಲ್ಲಿ ಬೆಳೆಯುವ 'ಕಗ್ಗ' ಭತ್ತದ ಕೆಂಪನ್ನವನ್ನು ಉಂಡೇ ದೊಡ್ಡವನಾದವನು. ಹೆಸರುಗಳ ಸಾಮ್ಯ ಕಿವಿಗೆ ತಟ್ಟಿತು. ವ್ಯುತ್ಪತ್ತಿಯ ವಿಚಾರವನ್ನು ಭಾಷಾವಿಜ್ಞಾನದ ಮಿತ್ರರಿಗೆ ಬಿಡುತ್ತೇನೆ. ಆದರೆ ಒಡ್ಡಿಗೆ ತೂತು ಬಿದ್ದರೆ ಊರಿಗೆ ಊರೇ ರಾತ್ರಿ ಬುಟ್ಟಿ ಹಿಡಿದು ಓಡಬೇಕೆಂಬುದು ಎರಡೂ ಕಡೆಯವರಿಗೆ ಗೊತ್ತು. ಒಡ್ಡು, ತೂಬುಗಳನ್ನು ನೋಡಿಕೊಳ್ಳುವ ಹೊಣೆ ಗೋವೆಯಲ್ಲಿ ಗಾಂವ್‌ಕರಿ ಎಂಬ ಗ್ರಾಮಸಮುದಾಯದ್ದಾಗಿತ್ತು. ನಮ್ಮ ಅಂಕೋಲೆ, ಕಾರವಾರಗಳಲ್ಲಿ ಮನೆಮನೆಗೆ ಗಾಂವ್‌ಕರ ಎಂಬ ಅಡ್ಡಹೆಸರು ಉಳಿದಿದೆ. ನಾನು ಕಂಡ ಗದ್ದೆಗಳಲ್ಲಿ ಅರ್ಧದಷ್ಟು ಬೀಳುಬಿದ್ದಿದ್ದವು. ಗದ್ದೆಯ ಒಡೆಯರು ಎಲ್ಲಿ ಎಂದು ಕೇಳಿದರೆ ದೋಣಿಯವನು ಕುತ್ತಿಗೆಯನ್ನು ಪಡುವಣದ ಕಡೆಗೆ ಹೊರಳಿಸಿ ತೋರಿಸಿದ. ಕಡಲಾಚೆ ಎಂದು ಅರ್ಥ.

ಹಳೆಯ ಗೋವೆಯಲ್ಲಿ ಎಲ್ಲರೂ ಸಂತ ಫ್ರಾನ್ಸಿಸ್ ಝೇವಿಯರರ ಶರೀರವಿರುವ ಬೊಂ ಜೇಜುಸ್ ಬಸಿಲಿಕಾಕ್ಕೆ ಹೋಗುತ್ತಾರೆ, ಹೋಗಬೇಕಾದದ್ದೇ. ನನ್ನ ಕಣ್ಣು ಹುಡುಕಿದ್ದು ರಸ್ತೆಯ ಇನ್ನೊಂದು ಬದಿಯ ಪುರಾತತ್ತ್ವ ಸಂಗ್ರಹಾಲಯದಲ್ಲಿರುವ ವೀರಗಲ್ಲುಗಳನ್ನು. ಘಟ್ಟದ ಮೇಲಿನ ವೀರಗಲ್ಲುಗಳಲ್ಲಿ ವೀರನು ತುರುಗಳಿಗಾಗಿ ಸಾಯುತ್ತಾನೆ. ಇಲ್ಲಿಯ ಕೆಲವು ಕಲ್ಲುಗಳಲ್ಲಿ ಅವನು ಹಡಗಿನ ಕಾಳಗದಲ್ಲಿ ಸಾಯುತ್ತಾನೆ. ಹುಟ್ಟು ಹಾಕುವವರ ಸಾಲು, ಮೇಲೆ ಆಯುಧ ಹಿಡಿದವರು, ಅದಕ್ಕೂ ಮೇಲೆ ಎಂದಿನಂತೆ ಸ್ವರ್ಗ. ಕದಂಬರು ಕಡಲನ್ನು ಆಳಿದವರು ಎಂಬ ವಾಕ್ಯವನ್ನು ನಾನು ಮೂವತ್ತು ವರ್ಷ ಉಚ್ಚರಿಸಿದ್ದೆ. ಹುಟ್ಟು ಹಾಕುವವರನ್ನು ಕಂಡದ್ದು ಅಂದೇ ಮೊದಲು.

ಅಲ್ಲಿಂದ ಸಾಷ್ಟಿಯ ಚಾಂದೋರ. ಗೋಪಕಪಟ್ಟಣಕ್ಕೆ ಹೋಗುವ ಮುನ್ನ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ ಇದು. ಪ್ರವಾಸಿಗಳು ಬರುವುದು ಬ್ರಗಾಂಜಾ ಮನೆತನದ ಭವ್ಯವಾದ ಬಂಗಲೆಯನ್ನು ನೋಡಲು. ಅದರ ಆಚೆ, ಹೊಲಗಳ ನಡುವೆ, ಉತ್ಖನನದಲ್ಲಿ ಹೊರಬಿದ್ದ ದೇವಾಲಯದ ತಳಪಾಯವೂ ತಲೆಯಿಲ್ಲದ ನಂದಿಯೂ ಇವೆ. ಇಲ್ಲಿಯ ಕ್ರೈಸ್ತರು ಕಾರ್ನಿವಲ್ಲಿನ ದಿನಗಳಲ್ಲಿ ಒನಕೆ ಹಿಡಿದು ಕುಣಿಯುತ್ತಾರೆ. ಧರ್ಮ ಬದಲಾಗಿ ನಾಲ್ಕು ಶತಮಾನ ಕಳೆದರೂ ಒನಕೆ ಕೈಬಿಟ್ಟಿಲ್ಲ. ಇತ್ತ ಜುವಾರಿಯನ್ನು ದಾಟಿ ಫೋಂಡೆಗೆ ಬಂದರೆ ಕತೆ ಬೇರೆ. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ಹೀಗೆ ದೇವರುಗಳೇ 16ನೆಯ ಶತಮಾನದಲ್ಲಿ ಹೊಳೆ ದಾಟಿ ಬಂದು ಇಲ್ಲಿ ನೆಲೆಸಿದರು. ಅದೇ ಕಾಲದಲ್ಲಿ ಮತ್ತು ಮುಂದೆಯೂ ಇನ್ನಷ್ಟು ದಕ್ಷಿಣಕ್ಕೆ ಹೊರಟವರ ಮಕ್ಕಳು ಇಂದು ಕುಮಟೆ, ಭಟ್ಕಳ, ಮಂಗಳೂರುಗಳಲ್ಲಿ ನಮ್ಮ ನೆರೆಯವರು; ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದವರು.

ಈ ನಾಡಿನ ಕಾಡಿನ ಪಾಲು ಪೂರ್ವದಲ್ಲಿ ಗೋಡೆಯಂತೆ ನಿಂತಿದೆ: ಮ್ಹಾದಯಿ, ಮೊಲೆಂ, ನೇತ್ರಾವಳಿ, ಖೋತಿಗಾಂವ. ಆಚೆ ನಮ್ಮ ಭೀಮಗಡ, ದಾಂಡೇಲಿ, ಅಣಶಿ. ಹುಲಿಗೆ ಈ ಗಡಿ ಗೊತ್ತಿಲ್ಲ. ಗೊತ್ತಿದ್ದರೂ ಫಲವಿಲ್ಲ, 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಕಾಡಿನಲ್ಲಿ ಒಂದು ಹೆಣ್ಣುಹುಲಿಯೂ ಅದರ ಮೂರು ಮರಿಗಳೂ ಸತ್ತುಬಿದ್ದಿದ್ದವು. ಮೊಲೆಮ್ಮಿನಿಂದ ಒಳಗೆ, ಅನಮೋಡ ಘಟ್ಟದ ಬುಡದಲ್ಲಿ, ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯವಿದೆ. ಕದಂಬರ ಕಾಲದ್ದೆಂದು ಹೇಳುವ ಈ ಗುಡಿ ಉಳಿದುಕೊಂಡದ್ದೇ ಅದನ್ನು ಮುಟ್ಟುವುದು ಕಷ್ಟವಾಗಿದ್ದುದರಿಂದ. ಚಿಕ್ಕದು, ಗೋಡೆಗಳಿಲ್ಲದ ಮುಖಮಂಟಪ, ಛಾವಣಿಯಲ್ಲಿ ಅರಳಿದ ತಾವರೆ, ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆ. ಪಕ್ಕದಲ್ಲಿ ಹೊಳೆ. ಕಿತ್ತೂರಿನ ಬಳಿಯ ದೇಗಾವಿಯಲ್ಲಿ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿಯನ್ನು ಕಂಡವರಿಗೆ ಇದು ನೆಂಟರ ಮನೆಯಂತೆ ತೋರುತ್ತದೆ.

ನಾನು ಹೋದದ್ದು 2015ರ ಡಿಸೆಂಬರಿನಲ್ಲಿ. ದಾರಿಗೆ ಕಲ್ಲು ಹಾಸುತ್ತಿದ್ದ ನಾಲ್ವರು ಕೂಲಿಗಾರರು ಊಟದ ಬಿಡುವಿನಲ್ಲಿ ಕಟ್ಟೆಯ ನೆರಳಿಗೆ ಬಂದು ರೊಟ್ಟಿ ಬಿಚ್ಚಿದರು. ರೊಟ್ಟಿಯನ್ನು ನೋಡಿಯೇ ತಿಳಿಯಿತು, ಕೇಳಬೇಕಾಗಿರಲಿಲ್ಲ. ಈ ಸಲ ಮೊದಲು ಮಾತನಾಡಿದವನು ನಾನೇ. ಕೊಪ್ಪಳದ ಕಡೆಯವರು. ಗುಡಿಯನ್ನು ಯಾರು ಕಟ್ಟಿಸಿದರೆಂದು ಹಿರಿಯನು ಕೇಳಿದ. ಅಧ್ಯಾಪಕನಿಗೆ ಅಷ್ಟು ಸಾಕು. ಹತ್ತು ನಿಮಿಷ ಜಯಕೇಶಿಯಿಂದ ಶಿವಚಿತ್ತ ಪೆರ್ಮಾಡಿಯವರೆಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡು, ಕೈ ತೊಳೆದು ಬಂದು, ಕಂಬದ ಮೇಲೆ ಅಂಗೈ ಇಟ್ಟ. "ಈ ಕಲ್ಲು ಇಲ್ಲೀದಲ್ರಿ ಸರ. ಇಲ್ಲೆಲ್ಲಾ ಕೆಂಪುಕಲ್ಲು. ಇದು ಎಲ್ಲಿಂದಾನೋ ಹೊತ್ತು ತಂದಿದ್ದು. ಈ ಕಾಡಿನ್ಯಾಗ! ಆಳು ಭಾಳ ಸತ್ತಿರಬೇಕು" ಎಂದ. ವಿದ್ವಾಂಸರೂ ಹೇಳುವುದು ಅದನ್ನೇ: ಜಂಬಿಟ್ಟಿಗೆಯ ನಾಡಿನಲ್ಲಿ ಈ ಕರಿಗಲ್ಲನ್ನು ದಖನಿನ ಕಡೆಯಿಂದ ತಂದಿರಬೇಕೆಂದು. ಆಳುಗಳ ಮಾತನ್ನು ಮಾತ್ರ ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಈ ಕೂಲಿಗಾರರು ಬರುವ ದಾರಿಯನ್ನೂ ನೋಡಬೇಕೆನ್ನಿಸಿತು. ಮರುವರ್ಷ, 2016ರ ಆಗಸ್ಟಿನಲ್ಲಿ, ಹುಬ್ಬಳ್ಳಿಯಿಂದ ವಾಸ್ಕೋಕ್ಕೆ ಹೋಗುವ ರೈಲು ಹತ್ತಿದೆ. ಪೋರ್ತುಗೀಸರ ಕಾಲದಲ್ಲಿ ಹಾಕಿದ ಮಾರ್ಗ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ದೂಧಸಾಗರ ಜಲಪಾತ ರೈಲಿನ ಮಗ್ಗುಲಿಗೇ ಬಂದು ಬೀಳುತ್ತದೆ. ರಜೆಗೆ ಹೊರಟ ಹುಡುಗರು ಬಾಗಿಲಿಗೆ ಮುಗಿಬಿದ್ದು ಕೂಗುತ್ತಿದ್ದರು. ನನ್ನ ಎದುರಿಗೆ ಕುಳಿತಿದ್ದ ಹೆಂಗಸು, ಜೋಳದ ಹಿಟ್ಟಿನ ಚೀಲಕ್ಕೆ ಒರಗಿ ಮಲಗಿದ್ದ ಮಗುವಿನ ಮೇಲೆ ಕೈಯಿಟ್ಟುಕೊಂಡು, ಕಿಟಕಿಯಿಂದ ಒಳಗೆ ಹಾರುತ್ತಿದ್ದ ತುಂತುರಿಗೆ ಸೆರಗು ಅಡ್ಡ ಹಿಡಿದಳು, ಹೊರಗೆ ನೋಡಲಿಲ್ಲ. ವಾಸ್ಕೋದ ಬೈಣಾ, ಜುವಾರಿನಗರಗಳಲ್ಲಿ ಇಂಥವರ ಓಣಿಗಳೇ ಇವೆ. ಬೈಣಾದ ಕಡಲತೀರದ ಗುಡಿಸಲುಗಳನ್ನು 2004ರಲ್ಲಿ ನೆಲಸಮ ಮಾಡಿದಾಗ ಮಳೆಗಾಲ ಶುರುವಾಗಿತ್ತು. ಅಂದು ಬೀದಿಗೆ ಬಿದ್ದವರಲ್ಲಿ ನಮ್ಮವರು ಬಹಳ ಮಂದಿ ಇದ್ದರು.

ಆ ಪ್ರಯಾಣದಲ್ಲಿಯೇ ನಾನು ಉಳಿದುಕೊಂಡಿದ್ದ ವಸತಿಗೃಹದಲ್ಲಿ ಈಜುಕೊಳ ತೊಳೆಯುವ ಹುಡುಗನೊಬ್ಬನಿದ್ದ. ನರಗುಂದದ ಕಡೆಯವನು. ಮಹಾದಾಯಿ ನ್ಯಾಯಾಧಿಕರಣವು ಕರ್ನಾಟಕದ ಮಧ್ಯಂತರ ಕೋರಿಕೆಯನ್ನು ತಿರಸ್ಕರಿಸಿ ಒಂದು ತಿಂಗಳೂ ಆಗಿರಲಿಲ್ಲ. ಅವನ ಊರಿನಲ್ಲಿ ರೈತರು ಧರಣಿ ಕುಳಿತು ವರ್ಷ ದಾಟಿತ್ತು, ಅವನ ತಂದೆಯೂ ಅವರಲ್ಲಿ ಒಬ್ಬರು. ಖಾನಾಪುರದ ಕಾಡಿನಲ್ಲಿ ಹುಟ್ಟಿ ಇಲ್ಲಿ ಮಾಂಡವಿಯಾಗಿ ಕಡಲು ಸೇರುವ ಆ ನದಿಯನ್ನು ಗೋವೆಯವರು ತಾಯಿಯೆನ್ನುತ್ತಾರೆ; ನಾವೂ ತಾಯಿಯೆನ್ನುತ್ತೇವೆ. ಚೋಡಣದ ಒಡ್ಡಿನ ಮೇಲೆ ನಿಂತು ಬಂದವನಾಗಿ, ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಉಪ್ಪು ಎಲ್ಲಿಯವರೆಗೆ ಏರೀತು ಎಂಬ ಅವರ ಭಯ ನನಗೆ ಅರ್ಥವಾಗುತ್ತದೆ. ಮಲಪ್ರಭೆಯ ಕಾಲುವೆ ಒಣಗಿದ್ದನ್ನು ಕಂಡವರ ದಾಹವೂ ಅರ್ಥವಾಗುತ್ತದೆ. 2018ರ ಆಗಸ್ಟಿನ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಬಂತು, ವ್ಯಾಜ್ಯ ಅಲ್ಲಿಗೆ ನಿಲ್ಲಲಿಲ್ಲ. ಗೋವೆಯವರು ಏನಾದರೂ ಅನ್ನುತ್ತಾರೆಯೇ ಎಂದು ಹುಡುಗನನ್ನು ಕೇಳಿದೆ. "ಅಂತಾರ್ರಿ. ನಾ ಕೊಂಕಣಿ ತಿಳಿಯೂದಿಲ್ಲ ಅಂತ ಸುಮ್ಮ ಇರ್ತೇನಿ" ಎಂದ. ಅವನಿಗೆ ಕೊಂಕಣಿ ಚೆನ್ನಾಗಿಯೇ ಬರುತ್ತಿತ್ತು.

ಗೋವೆಯಲ್ಲಿ ಇವರನ್ನು 'ಘಾಂಟಿ' ಎನ್ನುತ್ತಾರೆ. ಘಟ್ಟದ ಆಚೆಯಿಂದ ಬಂದವರೆಂಬುದಷ್ಟೇ ಮೂಲಾರ್ಥ. ಹೇಳುವ ದನಿಯಲ್ಲಿ ಉಳಿದದ್ದೆಲ್ಲ ಸೇರಿಕೊಳ್ಳುತ್ತದೆ. ಇದನ್ನು ಕೇಳಿ ಸಿಟ್ಟು ಬಂತೆಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅಜ್ಜಿ 'ಘಟ್ಟದ ಮೇಲಿನವರು' ಎಂದು ಹೇಳುವಾಗಲೂ ದನಿ ಹೀಗೆಯೇ ಸಣ್ಣಗೆ ತಿರುಚಿಕೊಳ್ಳುತ್ತಿತ್ತು. ಕಲಂಗುಟ್‌ನ ಮರಳಿನ ಮೇಲೆ ನನ್ನ ಬಾಯಿಂದ ಹಿಂದಿ ಬಂದದ್ದು ಸಹೋದ್ಯೋಗಿಗಳ ಅಂಜಿಕೆಯಿಂದ ಮಾತ್ರವಲ್ಲ. ಕರಾವಳಿಯವನ ಆ ಹಳೆಯ ದನಿಯೂ ಅದರಲ್ಲಿತ್ತು. ಮುಂಬಯಿಯ ಧೋಬಿತಲಾವಿನಲ್ಲಿ ಗೋವೆಯ ಹಳ್ಳಿಹಳ್ಳಿಗೂ ಒಂದೊಂದು 'ಕೂಡ್' ಇತ್ತು. ಹಡಗಿನ ಕೆಲಸಕ್ಕೆ ಹೊರಟ ಬಡವರು ಪೆಟ್ಟಿಗೆಗಳನ್ನು ಸಾಲಾಗಿಟ್ಟು ಮಲಗುತ್ತಿದ್ದ ಸಮೂಹವಸತಿ ಅದು. ಅಲ್ಲಿಂದ ಕೂಗಳತೆಯ ದೂರದಲ್ಲಿ ಹೋಟೆಲಿನ ಕನ್ನಡ ಹುಡುಗರು ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಓದುತ್ತಿದ್ದರು. ದಾಮೋದರ ಮಾವಜೊ ಅವರ 'ಕಾರ್ಮೆಲಿನ್' ಕಾದಂಬರಿ ಗಲ್ಫಿಗೆ ಮನೆಗೆಲಸಕ್ಕೆ ಹೋದ ಗೋವೆಯ ಹೆಣ್ಣಿನ ಕತೆ; 1983ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗೋವೆಗೆ ದುಡಿಯಲು ಬಂದ ಕನ್ನಡದ ಹೆಣ್ಣನ್ನು ಕುರಿತು ಅಂಥದೊಂದು ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ. ಸಂಶೋಧನೆಗೆ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಈಚೆಗೆ ನಾನು ಹೇಳುವುದು, ಶಾಸನ ನೋಡಲು ಹೋದವರು ಬೈಣಾದಲ್ಲಿಯೂ ಒಂದು ದಿನ ಇಳಿಯಿರಿ ಎಂದು.

ದಕ್ಷಿಣದ ಕಡಲನ್ನು ಕೊನೆಗೆ ಉಳಿಸಿಕೊಂಡಿದ್ದೆ. 2019ರ ಜನವರಿಯಲ್ಲಿ ಕಾಣಕೋಣ ತಾಲೂಕಿನ ಪಾಳೊಳೆಗೆ ಹೋದೆ. ಗುಡ್ಡಗಳು ಎರಡೂ ಕಡೆಯಿಂದ ಕೈಚಾಚಿ ಕಡಲನ್ನು ತೆಕ್ಕೆಯಲ್ಲಿ ಹಿಡಿದಂತಿರುವ ತೀರ, ಹಿಂದೆ ತೆಂಗಿನ ಸಾಲು. ಮಣಿಸರ ಮಾರುತ್ತಿದ್ದ ಹುಡುಗಿಯನ್ನು "ಎಷ್ಟವ್ವಾ ಇದು?" ಎಂದು ಕೇಳಿದೆ. ಅವಳು ಹಿಂದಿಯಲ್ಲಿ ಬೆಲೆ ಹೇಳಿದಳು. ಯಾವ ಊರೆಂದು ಕೇಳಿದರೆ "ಕಾಣಕೋಣ" ಎಂದಳು. ನಾನು ಅಲ್ಲಿಯೇ ನಿಂತಿದ್ದುದನ್ನು ಕಂಡು, ಪದಗಳನ್ನು ಹುಡುಕಿ ಹುಡುಕಿ, "ನಮ್ಮವ್ವಂದು ಗದಗ ಕಡೆ... ನನಗ ಅಷ್ಟ ಬರೂದಿಲ್ಲ" ಎಂದು ತೆಂಗಿನ ಬುಡದತ್ತ ಕೈ ತೋರಿಸಿದಳು.

ಅಲ್ಲಿ ಗಂಟು ಬಿಚ್ಚಿಕೊಂಡು ವಯಸ್ಸಾದ ಹೆಂಗಸೊಬ್ಬಳು ಕುಳಿತಿದ್ದಳು. ಮಡಗಾಂವಿನ ಬಸ್ಸು ಎಷ್ಟು ಹೊತ್ತಿಗೆಂದು ಕನ್ನಡದಲ್ಲಿಯೇ ವಿಚಾರಿಸಿದೆ. "ಕದಂಬ ಇನ್ನೂ ಅರ್ಧಾ ತಾಸಿಗೈತ್ರಿ. ಕೂಡ್ರಿ, ನೆರಳೈತಿ" ಎಂದು ಬಟ್ಟೆಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ಕುಳಿತೆ. ನೀರಿನ ಬಾಟಲಿಯನ್ನು ನನ್ನತ್ತ ಚಾಚುತ್ತ ಅವಳು ಕೇಳಿದಳು, "ಯಾವೂರ್ರಿ ನಿಮ್ದು?"

"ಕುಮಟಾ" ಎಂದೆ.

"ಅದೆಲ್ಲಿ ಬರ್ತದ್ರಿ?"

ಎಲ್ಲಿ ಬರುತ್ತದೆಂದು ಹೇಳತೊಡಗಿದೆ.